ಕೈ ಮುಟ್ಟದ ಅನ್ನ

ದಿಢೀರ್ ತಿಂಡಿಯ ಪೊಟ್ಟಣ ಮಾರುವವರು ಬಹಳ ಹೆಮ್ಮೆಯಿಂದ ಒಂದು ಮಾತು ಹೇಳುತ್ತಾರೆ: ‘ಇದು ಕೈ ಸೋಕದೆ ತಯಾರಾದದ್ದು.’ ಪೇಟೆಯ ಜನಕ್ಕೆ ಅದು ಶುಚಿಯ ಮಾತು. ನಮಗೆ ಅದು ಹಳೇ ಮಾತು. ಮುಟ್ಟಬೇಡ, ಸೋಕಬೇಡ, ಅತ್ತ ನಿಲ್ಲು ಅಂತ ನಮ್ಮ ಅಜ್ಜ ಮುತ್ತಜ್ಜರಿಗೆ ಹೇಳಿದವರ ಬಾಯಿಂದ ಬಂದ ಮಾತೇ ಈಗ ಬಣ್ಣದ ಹಾಳೆಯ ಮೇಲೆ ಅಚ್ಚಾಗಿ ಹಳ್ಳಿಯ ಗೂಡಂಗಡಿಯಲ್ಲಿ ಸಾಲುಸಾಲಾಗಿ ನೇತಾಡುತ್ತಿದೆ.

ನಾವು ಕೇಳುತ್ತೇವೆ: ಯಾರ ಕೈ ಸೋಕಿಲ್ಲ ಸ್ವಾಮಿ? ಆ ಗೋಧಿ ತನ್ನನ್ನು ತಾನೇ ಬಿತ್ತಿಕೊಂಡಿತೇ? ಆ ಉದ್ದು ತಾನೇ ಕಳೆ ಕಿತ್ತುಕೊಂಡು, ತಾನೇ ಕಣಕ್ಕೆ ಬಂದು ತೂರಿಕೊಂಡು, ಮೂಟೆಯಾಗಿ ಲಾರಿ ಹತ್ತಿತೇ? ಮೂಟೆ ಹೊತ್ತ ಹಮಾಲಿ, ಗಿರಣಿಯ ಧೂಳು ಕುಡಿದ ಕೂಲಿ, ಕಾರ್ಖಾನೆಯಲ್ಲಿ ಪಾಳಿಯ ಮೇಲೆ ನಿಂತು ಡಬ್ಬ ಕಟ್ಟುವ ಹೆಣ್ಣುಮಗಳು, ಕಡೆಗೆ ಆ ಖಾಲಿ ಪೊಟ್ಟಣವನ್ನು ಚರಂಡಿಯಿಂದ ಎತ್ತುವ ಪೌರಕಾರ್ಮಿಕ, ಇವರಿಗೆಲ್ಲ ಕೈ ಇಲ್ಲವೇ? ಇಷ್ಟು ಕೈಗಳು ಮುಟ್ಟಿ ಮುಟ್ಟಿ ಮಾಡಿದ್ದನ್ನು ‘ಕೈ ಸೋಕದ್ದು’ ಎಂದು ಕರೆಯುವುದಾದರೆ, ಈ ಕೈಗಳು ಕೈಗಳೇ ಅಲ್ಲ ಎಂದು ಹೇಳಿದ ಹಾಗಾಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಪೊಟ್ಟಣ ಹರಿದು ಮಗುವಿಗೆ ತಿನ್ನಿಸುವ ತಾಯಿಯ ಮೇಲೆ ನಮಗೆ ಸಿಟ್ಟಿಲ್ಲ. ಅವಳನ್ನು ಬೈಯಲು ಪೇಟೆಯ ಆರೋಗ್ಯ ಪಂಡಿತರು ಬೇಕಾದಷ್ಟಿದ್ದಾರೆ. ‘ಬಡವರು ಮಕ್ಕಳಿಗೆ ಕುರುಕಲು ತಿನ್ನಿಸಿ ಹಾಳು ಮಾಡುತ್ತಾರೆ’ ಎಂದು ಭಾಷಣ ಬಿಗಿಯುವ ಈ ಮಹಾನುಭಾವರು, ಆ ತಾಯಿ ಎಷ್ಟು ಹೊತ್ತಿಗೆ ಏಳುತ್ತಾಳೆ, ನೀರಿಗೆ ಎಷ್ಟು ದೂರ ನಡೆಯುತ್ತಾಳೆ, ಗಾರ್ಮೆಂಟ್ಸಿನ ವ್ಯಾನು ಎಷ್ಟು ಹೊತ್ತಿಗೆ ಬಂದು ಹಾರನ್ನು ಹೊಡೆಯುತ್ತದೆ ಎಂದು ಒಂದು ದಿನವೂ ಕೇಳಿದವರಲ್ಲ. ಐದು ರೂಪಾಯಿಗೆ ಮಗುವಿನ ಅಳು ನಿಲ್ಲುವುದಾದರೆ ಅವಳು ಕೊಳ್ಳುತ್ತಾಳೆ. ಕೊಳ್ಳದೆ ಇನ್ನೇನು ಮಾಡಬೇಕು? ಅವಳ ಹೊತ್ತನ್ನು ಕದ್ದವರು ಯಾರು ಎಂಬುದು ನಮ್ಮ ಪ್ರಶ್ನೆ.

*

ದಿಢೀರ್ ತಿಂಡಿ ಎನ್ನುವುದು ಕಂಪೆನಿಗಳು ಕಂಡುಹಿಡಿದದ್ದೇನೂ ಅಲ್ಲ. ನಮ್ಮ ಹಟ್ಟಿಯ ಹೆಂಗಸರನ್ನು ಕೇಳಿ. ರಾಗಿಗೆ ನೀರು ಚಿಮುಕಿಸಿ, ಹೊತ್ತು ಬಿಟ್ಟು, ಕಾದ ಮರಳಲ್ಲಿ ಹುರಿದರೆ ಮಲ್ಲಿಗೆಯ ಹಾಗೆ ಅರಳುತ್ತದೆ. ಜರಡಿ ಹಿಡಿದು ಬೀಸಿದರೆ ಹುರಿಹಿಟ್ಟು. ಒಲೆ ಬೇಡ, ಸೌದೆ ಬೇಡ. ನೀರು, ಒಂದು ಚೂರು ಬೆಲ್ಲ ಇದ್ದರೆ ಊಟ ಆಯಿತು. ಬೆಲ್ಲ ಇಲ್ಲದಿದ್ದರೆ ಉಪ್ಪು. ರಾತ್ರಿ ಉಳಿದ ಮುದ್ದೆ ಬೆಳಗಾಗುವ ಹೊತ್ತಿಗೆ ತಂಗಳು. ಕಿವುಚಿ, ಮಜ್ಜಿಗೆ ಹುಯ್ದು, ಈರುಳ್ಳಿ ಕಚ್ಚಿಕೊಂಡರೆ ಹೊಲಕ್ಕೆ ಹೊರಡಬಹುದು. ಉತ್ತರದ ಕಡೆ ತಿಂಗಳುಗಟ್ಟಲೆ ಕೆಡದ ಕಟಕ ರೊಟ್ಟಿ, ಮೇಲೆ ಗುರೆಳ್ಳು ಪುಡಿ. ಬಾಡು ಸಿಕ್ಕ ದಿನ ಉಪ್ಪು ಅರಿಶಿನ ಹಚ್ಚಿ, ದಾರಕ್ಕೆ ಪೋಣಿಸಿ, ಬಿಸಿಲಿಗೆ ಕಟ್ಟಿ ಮಾಡಿಟ್ಟ ಉಪ್ಪುಕಂಡ ಮಳೆಗಾಲ ಪೂರ್ತಿ ಕಾಯುತ್ತಿತ್ತು.

ಯಾಕೆ ಇದನ್ನೆಲ್ಲ ನಮ್ಮವರು ಕಲಿತರು? ಸೌಕರ್ಯಕ್ಕೆ ಅಲ್ಲ. ಜೀತದಾಳಿಗೆ ಒಲೆ ಹಚ್ಚುವ ಹೊತ್ತೆಲ್ಲಿತ್ತು? ಕೋಳಿ ಕೂಗುವ ಮುಂಚೆ ಗೌಡರ ಕೊಟ್ಟಿಗೆಯಲ್ಲಿರಬೇಕು. ದೀಪ ಹಚ್ಚಿದ ಮೇಲೆ ಮನೆಗೆ. ಹೊತ್ತು ಕಳಕೊಂಡವನ ಊಟ ಹುರಿಹಿಟ್ಟು. 1976ರಲ್ಲಿ ಜೀತ ರದ್ದತಿಯ ಕಾನೂನು ಬಂತು. ಅದಕ್ಕೂ ಮೊದಲು, 1974ರಲ್ಲಿ, ಕರ್ನಾಟಕದ ಭೂಸುಧಾರಣೆ ತಿದ್ದುಪಡಿ ಬಂತು. ಅದು ಗೇಣಿದಾರನಿಗೆ ಭೂಮಿ ಕೊಟ್ಟಿತು, ಒಪ್ಪುತ್ತೇವೆ. ಗೇಣಿಗೂ ಭೂಮಿ ಸಿಗದೆ ಬರೀ ಕೂಲಿಗೆ ಹೋಗುತ್ತಿದ್ದ ನಮ್ಮವರಲ್ಲಿ ಬಹುಪಾಲು ಮಂದಿ ಗೇಣಿದಾರರ ಪಟ್ಟಿಯಲ್ಲೇ ಇರಲಿಲ್ಲ. ಭೂಮಿ ಇಲ್ಲದವನ ಮನೆಗೆ ರಾಗಿ ಎಲ್ಲಿಂದ ಬಂದೀತು? 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಎಂಬ ಹೆಸರಿನಲ್ಲಿ ಕೋಲಾರದ ಕಡೆಯ ರಾಗಿ ಹೊಲಗಳಿಗೆ ನೀಲಗಿರಿ ನೆಟ್ಟರು. ಕಳೆ ಕೀಳುವ ಕೂಲಿ ಹೋಯಿತು, ಕುಯ್ಲಿನ ಕೂಲಿ ಹೋಯಿತು, ಕಾಳು ಹೋಯಿತು. ನೀಲಗಿರಿ ನೆಡುವುದನ್ನು ಸರ್ಕಾರ ನಿಲ್ಲಿಸಿದ್ದು 2017ರಲ್ಲಿ. ಅಷ್ಟರಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಬೆಂಗಳೂರಿನ ಗಾರ್ಮೆಂಟ್ಸ್ ಸೇರಿ ಆಗಿತ್ತು.

ಮುಂದೆ ನಡೆದದ್ದನ್ನು ಕೇಳಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಸಾರಿತು. ನಿನ್ನೆವರೆಗೆ ‘ಮುದ್ದೆ ತಿನ್ನೋ ಮುಂಡೇವು’ ಎಂದು ನಕ್ಕವರು ಈಗ ರಾಗಿ ಪುಡಿಯನ್ನು ಅಂದದ ಡಬ್ಬಿಯಲ್ಲಿ ಕೊಂಡು ತಿನ್ನುತ್ತಾರೆ. ನಮ್ಮ ಹಸಿವಿನ ಬುದ್ಧಿ ಅವರ ಆರೋಗ್ಯದ ಸರಕಾಯಿತು. ಹುರಿಹಿಟ್ಟು ಪೇಟೆಗೆ ಹೋಯಿತು, ಪೇಟೆಯ ಕುರುಕಲು ಹಟ್ಟಿಗೆ ಬಂತು. ಉಪ್ಪುಕಂಡದ ಕಥೆಯಂತೂ ಇನ್ನೂ ಘೋರ. 2020ರ ಜಾನುವಾರು ಹತ್ಯೆ ನಿಷೇಧದ ಕಾನೂನಿನಿಂದ ದನದ ಬಾಡಿನ ಉಪ್ಪುಕಂಡ ಅಪರಾಧದ ಬಾಗಿಲಿಗೆ ಬಂದು ನಿಂತಿತು. ಇದನ್ನು ಯಾವ ಕಂಪೆನಿಯೂ ಪೊಟ್ಟಣ ಕಟ್ಟಲಿಲ್ಲ, ಯಾವ ಆರೋಗ್ಯ ಪಂಡಿತನೂ ಹೊಗಳಲಿಲ್ಲ.

*

ಇನ್ನು ಪೊಟ್ಟಣದ ಕುಲಮೂಲ ನೋಡೋಣ.

ಬೆಂಗಳೂರಿನ ಎಂಟಿಆರ್ ಹೆಸರು ಕೇಳದವರಿಲ್ಲ. 1924ರಲ್ಲಿ ಶುರುವಾದಾಗ ಅದರ ಹೆಸರು ‘ಬ್ರಾಹ್ಮಿನ್ ಕಾಫಿ ಕ್ಲಬ್’. ಮಾವಳ್ಳಿ ಟಿಫಿನ್ ರೂಮ್ಸ್ ಎಂದಾದದ್ದು 1960ರಲ್ಲಿ. 1975ರ ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲು ತಿಂಡಿಗೆ ಬೆಲೆ ಕಟ್ಟಿತು. ನಷ್ಟ ತಾಳದೆ ಹೋಟೆಲು ಮುಚ್ಚಿತು. ಕೆಲಸಗಾರರನ್ನು ಉಳಿಸಿಕೊಳ್ಳಲು ದಿಢೀರ್ ಹಿಟ್ಟು, ಪುಡಿಗಳ ಪೊಟ್ಟಣ ಮಾರಾಟ ಬೆಳೆಯಿತು. ಆ ಪೊಟ್ಟಣದ ವ್ಯಾಪಾರವನ್ನು 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಕಂಪೆನಿ ಕೊಂಡಿತು. ಕೇರಳದಲ್ಲಿ 1987ರಲ್ಲಿ ಶುರುವಾದ ಇಂಥದೇ ಪೊಟ್ಟಣಗಳ ಹೆಸರೇ ‘ಬ್ರಾಹ್ಮಿನ್ಸ್’. 2023ರಲ್ಲಿ ಅದನ್ನು ಕೊಂಡದ್ದು ವಿಪ್ರೊ ಬಳಗದ ಕಂಪೆನಿ. ಹೆಸರು ಬದಲಾಗಲಿಲ್ಲ. ಯಾಕೆ ಬದಲಾಯಿಸಬೇಕು? ಆ ಹೆಸರಿಗೇ ಬೆಲೆ.

ಒಬ್ಬ ಹೋಟೆಲಿನವನ ಮೇಲೆ, ಒಂದು ಕಂಪೆನಿಯ ಮೇಲೆ ನಾವು ಜಗಳಕ್ಕೆ ಬಂದಿಲ್ಲ. ಊರೂರಲ್ಲೂ ‘ಬ್ರಾಹ್ಮಣರ ಫಲಾಹಾರ ಮಂದಿರ’ ಎಂಬ ಬೋರ್ಡು ನೇತಾಡಿದ್ದ ಕಾಲವೊಂದಿತ್ತು. ಅಡುಗೆ ಮಾಡಿದ ಕೈ ಯಾರದು ಎಂಬ ಖಾತ್ರಿ ಅದು. ‘ಭಯ ಬೇಡ, ಒಳಗೆ ಹೊಲೆಯ ಮಾದಿಗರ ಕೈ ಇಲ್ಲ.’ ಈಗಿನ ಪೊಟ್ಟಣ ಹೇಳುತ್ತದೆ: ‘ಭಯ ಬೇಡ, ಒಳಗೆ ಯಾರ ಕೈಯೂ ಇಲ್ಲ.’ ಎರಡೂ ನಿವಾರಿಸುವ ಭಯ ಒಂದೇ. ಮಡಿಯುಟ್ಟು ಒಲೆ ಮುಂದೆ ಕೂತಿದ್ದ ಅಡುಗೆಭಟ್ಟನ ಜಾಗಕ್ಕೆ ಈಗ ಯಂತ್ರ ಬಂದು ಕೂತಿದೆ. ಯಂತ್ರಕ್ಕೂ ಮಡಿ ಉಡಿಸಿದ್ದಾರೆ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ ಗೆಳೆಯರೆ. ‘ಬ್ರಾಹ್ಮಣರ ಸಾರಿನ ಪುಡಿ’ ಅಂದರೆ ಅಂಗಡಿಯಲ್ಲಿ ಯಾರೂ ತಲೆ ಎತ್ತುವುದಿಲ್ಲ, ಚೀಲಕ್ಕೆ ಹಾಕಿಕೊಂಡು ಹೋಗುತ್ತಾರೆ. ಪಕ್ಕದಲ್ಲಿ ‘ಮಾದಿಗರ ಹುರಿಹಿಟ್ಟು’, ‘ಹೊಲೆಯರ ಉಪ್ಪಿನಕಾಯಿ’ ಎಂದು ಬರೆದು ಇಡಿ. ಯಾರು ಕೊಂಡಾರು? ಪೊಟ್ಟಣಕ್ಕೆ ಜಾತಿ ಇಲ್ಲ ಎನ್ನುವವರು ಉತ್ತರ ಕೊಡಲಿ. 2016ರಲ್ಲಿ ಚಿಂತಕ ಚಂದ್ರಭಾನ್ ಪ್ರಸಾದ್ ಅವರು ‘ದಲಿತ್ ಫುಡ್ಸ್’ ಎಂಬ ಹೆಸರಿಟ್ಟೇ ಮಸಾಲೆ, ಉಪ್ಪಿನಕಾಯಿ ಮಾರಲು ಹೊರಟರು. ವ್ಯಾಪಾರದಿಂದ ಜಾತಿ ಸಾಯುತ್ತದೆ ಎಂಬ ಅವರ ನಂಬಿಕೆಯನ್ನು ನಾವು ಒಪ್ಪುವುದಿಲ್ಲ. ಆದರೆ ಹೆಸರನ್ನು ಮುಚ್ಚಿಡದೆ ಮುಂದಿಟ್ಟು, ‘ಈಗ ಮುಟ್ಟು ನೋಡೋಣ’ ಎಂದ ಆ ಧೈರ್ಯಕ್ಕೆ ನಮ್ಮ ನಮಸ್ಕಾರ.

*

‘ಎರಡೇ ನಿಮಿಷ’ ಎಂಬ ಮಾತು ಹೊತ್ತು ಮ್ಯಾಗಿ ಈ ದೇಶಕ್ಕೆ ಬಂದದ್ದು 1983ರಲ್ಲಿ. ಕುಡಿಯುವ ವಸ್ತುಗಳಲ್ಲಿ ಎರಡು ನಿಮಿಷವೂ ಬೇಡದ್ದು ದಿಢೀರ್ ಕಾಫಿ ಪುಡಿ. ಅದರ ಹಿಂದಿನ ಕಥೆ ನಮ್ಮ ನಾಡಿನದೇ, ಕೇಳಬೇಕು.

ಬ್ರೆಜಿಲ್ ದೇಶದಲ್ಲಿ ಕಾಫಿ ಬೆಳೆ ಮಿತಿ ಮೀರಿ, ಕೊಳ್ಳುವವರಿಲ್ಲದೆ ಕೊಳೆಯುತ್ತಿದ್ದಾಗ ಆ ಬೀಜಕ್ಕೊಂದು ಗತಿ ಕಾಣಿಸಲು ಸ್ವಿಟ್ಜರ್ಲೆಂಡಿನ ನೆಸ್ಲೆ ಕಂಪೆನಿ 1938ರಲ್ಲಿ ನೆಸ್ಕಫೆ ಪುಡಿಯನ್ನು ಮಾರುಕಟ್ಟೆಗೆ ತಂದಿತು. ಈ ಪುಡಿಗೆ ಹೆಚ್ಚಾಗಿ ಬೇಕಾದದ್ದು ರೊಬಸ್ಟಾ ಬೀಜ. ಭಾರತದ ಕಾಫಿಯಲ್ಲಿ ಸುಮಾರು ಶೇಕಡ 70 ಭಾಗ ಬೆಳೆಯುವುದು ಕರ್ನಾಟಕದಲ್ಲಿ, ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ. ಆ ತೋಟಗಳ ಲೈನ್ ಮನೆಗಳಲ್ಲಿ ಬದುಕುವವರು ಯರವರು, ಪಣಿಯರು, ಬಯಲುಸೀಮೆಯಿಂದ ಹೋದ ನಮ್ಮ ಕೇರಿಯ ಕೂಲಿಗಳು. ಹಣ್ಣು ಬಿಡಿಸುವವಳು ಇವಳು. ಒಣಗಿಸಿ ಗುದ್ದಲಿಯಲ್ಲಿ ಎಳೆಯುವವನು ಇವಳ ಗಂಡ. ಬೀಜ ಮೂಟೆಯಾಗಿ ಹೋಗಿ, ಕುದ್ದು, ಪುಡಿಯಾಗಿ, ಎರಡು ರೂಪಾಯಿಯ ಚೀಟಿಯಲ್ಲಿ ಲೈನಿನ ಹತ್ತಿರದ ಅಂಗಡಿಗೆ ವಾಪಸು ಬರುತ್ತದೆ. ತಾನೇ ಬಿಡಿಸಿದ್ದನ್ನು ಅವಳು ಕೊಂಡು ಕುಡಿಯುತ್ತಾಳೆ. ಅವಳ ಇಡೀ ದಿನ ಯಾರದೋ ಎರಡು ನಿಮಿಷವಾಯಿತು. ಪಟ್ಟಣದವನಿಗೆ ಉಳಿದ ಹೊತ್ತೆಲ್ಲ ತೋಟದಲ್ಲಿ ಬಿದ್ದ ಹೊತ್ತು. ಲೆಕ್ಕ ಬರುವವರು ಕೂಡಿಸಿ ನೋಡಲಿ.

ಪೊಟ್ಟಣದ ಮೇಲೆ ಇನ್ನೊಂದು ಮಾತಿದೆ: ‘ನೀರು ಬೆರೆಸಿದರೆ ಸಾಕು.’ ಆಹಾ, ಎಷ್ಟು ಸಲೀಸು! ಯಾವ ನೀರು? 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗೆ ಸಾವಿರಾರು ಜನರೊಂದಿಗೆ ನಡೆದು ಹೋಗಿ ನೀರು ಮುಟ್ಟಬೇಕಾಯಿತು. ಅದಕ್ಕೆ ಏಟು ತಿನ್ನಬೇಕಾಯಿತು. ಅದೆಲ್ಲ ಹಳೇ ಕಥೆ ಎನ್ನುತ್ತೀರೋ? 2022ರ ನವೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಹೆಗ್ಗೋಠಾರದಲ್ಲಿ ದಲಿತ ಹೆಣ್ಣುಮಗಳೊಬ್ಬಳು ತೊಂಬೆಯ ನಲ್ಲಿಯಲ್ಲಿ ನೀರು ಕುಡಿದಳೆಂದು ತೊಂಬೆ ಖಾಲಿ ಮಾಡಿ ಗಂಜಲ ಹಾಕಿ ತೊಳೆದ ಸುದ್ದಿ ಎಲ್ಲ ಪತ್ರಿಕೆಗಳಲ್ಲಿ ಬಂತು. ನೀರೇ ನಮ್ಮದಲ್ಲದ ಊರಿನಲ್ಲಿ ‘ನೀರು ಬೆರೆಸಿದರೆ ಸಾಕು’ ಅನ್ನುವುದು ಯಾರಿಗೆ ಹೇಳಿದ ಮಾತು?

ಮಕ್ಕಳ ಹಾಲಿನ ಪುಡಿಯ ಕಥೆ ಇದಕ್ಕೆ ಸಾಕ್ಷಿ. ಬಡ ದೇಶಗಳ ತಾಯಂದಿರಿಗೆ ಎದೆಹಾಲು ಬಿಡಿಸಿ ಡಬ್ಬಿ ಹಾಲು ಹಿಡಿಸಿದರು. ಶುದ್ಧ ನೀರಿಲ್ಲದ ಮನೆಯಲ್ಲಿ ಆ ಪುಡಿ ಕಲಸಿ, ಡಬ್ಬಿ ಬೇಗ ಮುಗಿಯದಿರಲೆಂದು ತೆಳ್ಳಗೆ ಮಾಡಿ ಕುಡಿಸಿದಾಗ ಕೂಸುಗಳು ಭೇದಿಗೆ ಸತ್ತವು. 1977ರಲ್ಲಿ ಅಮೆರಿಕದಲ್ಲಿ ನೆಸ್ಲೆಯ ವಿರುದ್ಧ ಬಹಿಷ್ಕಾರ ಎದ್ದಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಿಯಮ ಮಾಡಿತು. ನಮ್ಮಲ್ಲಿ ಕಾನೂನು ಬಂದದ್ದು 1992ರಲ್ಲಿ. ಪುಡಿ ಮಾರಿದವರಿಗೆ ನೀರಿನ ಚಿಂತೆ ಇರಲಿಲ್ಲ. ನೀರು ಕೊಡಬೇಕಾದವರಿಗೆ ಕೂಸಿನ ಚಿಂತೆ ಇರಲಿಲ್ಲ.

*

ನಮ್ಮ ಓದು ಬಳಗದಲ್ಲಿ ಒಬ್ಬ ಗೆಳೆಯ ಎದ್ದು ಹೇಳಿದ: ‘ಅಣ್ಣ, ಪ್ಯಾಕೆಟ್ಟಿಗೆ ಜಾತಿ ಎಲ್ಲೈತೆ? ಬಿಸಿನೀರು ಹುಯ್ದ್ರೆ ಯಾರ ಮನೇಲಾದ್ರೂ ಬೇಯ್ತದೆ. ಭಟ್ಟರ ಮಗನೂ ತಿಂತಾನೆ, ನನ್ ಮಗನೂ ತಿಂತಾನೆ. ಎರಡು ಲೋಟ ಹೋಗಿ ಪೇಪರ್ ಕಪ್ ಬಂತು. ಒಳ್ಳೇದೇ ಆಯ್ತಲ್ಲ?’

ಅವನ ಮಾತಿನಲ್ಲಿ ನಿಜ ಇದೆ. ತೆಂಗಿನ ಚಿಪ್ಪಿನಲ್ಲಿ ಟೀ ಕುಡಿದ ಅಪ್ಪನ ಮಗ ಅವನು. ಪೇಪರ್ ಕಪ್ಪು ಹಿಡಿದಾಗ ಅವನಿಗೆ ಸಿಕ್ಕ ಸಮಾಧಾನವನ್ನು ಹಗುರ ಮಾಡುವ ಹಕ್ಕು ನಮಗಿಲ್ಲ. ಆದರೂ ಕೇಳುತ್ತೇವೆ. ಹೋಟೆಲಿನವನು ಪೇಪರ್ ಕಪ್ಪು ತಂದದ್ದು ನಮ್ಮ ಎಂಜಲು ಲೋಟವನ್ನು ತೊಳೆಯಲು ಮನಸ್ಸು ಬಂದದ್ದರಿಂದಲೋ, ತೊಳೆಯುವ ಪ್ರಸಂಗವೇ ಬೇಡ ಎಂದೋ? ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 1955ರ ಕಾನೂನು ಹೋಟೆಲಿನಲ್ಲಿ ಪಾತ್ರೆಯ ಭೇದ ಮಾಡುವುದನ್ನು ಅಪರಾಧ ಮಾಡಿತು. ಎರಡು ಲೋಟ ಇದ್ದಾಗ ಆ ಲೋಟವೇ ಸಾಕ್ಷಿ. ಹಿಡಿದು ಠಾಣೆಗೆ ಹೋಗಬಹುದಿತ್ತು, ಹೋಟೆಲು ಮುಂದೆ ಧರಣಿ ಕೂರಬಹುದಿತ್ತು, ಕೂತಿದ್ದೂ ಉಂಟು. ಈಗ ಸಾಕ್ಷಿ ಬುಟ್ಟಿಗೆ ಬಿದ್ದು ಸುಟ್ಟು ಹೋಗುತ್ತದೆ. ಬೆಂಚಿನ ಮೇಲೆ ಕೂರುವವರು ಇನ್ನೂ ಅವರೇ, ಹೊರಗೆ ನಿಂತು ಕುಡಿಯುವವರು ಇನ್ನೂ ನಾವೇ.

ಓಟಿನ ಕಾಲದಲ್ಲಿ ಹಟ್ಟಿಗಳಲ್ಲಿ ನಡೆಯುವುದು ಎಲ್ಲರೂ ಕಂಡದ್ದೇ. ಊರ ಯಜಮಾನರು ಬರುತ್ತಾರೆ. ಅವ್ವ ಒಳಗಿಂದ ಚೊಂಬಿನಲ್ಲಿ ನೀರು ತರುತ್ತಾಳೆ. ‘ಬ್ಯಾಡ ಕಣವ್ವ, ಈಗ ತಾನೆ ಕುಡ್ದು ಬಂದೆ’ ಅನ್ನುತ್ತಾರೆ. ಹುಡುಗನೊಬ್ಬ ನಮ್ಮ ದುಡ್ಡಲ್ಲೇ ಅಂಗಡಿಗೆ ಓಡಿ ಮುಚ್ಚಳ ಬಿಗಿದ ಬಾಟ್ಲಿ ಜ್ಯೂಸು ತರುತ್ತಾನೆ. ತಕ್ಷಣ ಯಜಮಾನರಿಗೆ ಬಾಯಾರಿಕೆ ಬಂದುಬಿಡುತ್ತದೆ! 2017ರ ಮೇ ತಿಂಗಳಲ್ಲಿ ಚಿತ್ರದುರ್ಗದಲ್ಲಿ ದೊಡ್ಡ ನಾಯಕರೊಬ್ಬರು ದಲಿತರ ಮನೆಗೆ ತಿಂಡಿಗೆ ಹೋದಾಗ, ತಟ್ಟೆಯಲ್ಲಿದ್ದ ಇಡ್ಲಿ ಹೋಟೆಲಿನಿಂದ ತಂದದ್ದೆಂದು ದೊಡ್ಡ ವಿವಾದವೇ ಆಯಿತು. ನಮ್ಮ ಮನೆಯ ಜಗಲಿ ಬೇಕು, ಫೋಟೋ ಬೇಕು. ಒಲೆ ಮಾತ್ರ ಬೇಡ. ಸೀಲು ಹೊಡೆದ ಬಾಟ್ಲಿ, ಹೋಟೆಲಿನ ಪಾರ್ಸೆಲ್ಲು, ಬಿಸ್ಕೆಟ್ಟಿನ ಪುಡಿಕೆ ಇಲ್ಲದಿದ್ದರೆ ಯಜಮಾನರು ಎರಡರಲ್ಲಿ ಒಂದು ಮಾಡಬೇಕಿತ್ತು: ನಮ್ಮ ನೀರು ಕುಡಿಯಬೇಕಿತ್ತು, ಇಲ್ಲವೇ ಕುಡಿಯುವುದಿಲ್ಲ ಎಂದು ಮುಖಕ್ಕೆ ಹೇಳಬೇಕಿತ್ತು. ಪೊಟ್ಟಣ ಅವರನ್ನು ಎರಡರಿಂದಲೂ ಪಾರು ಮಾಡಿತು.

1936ರಲ್ಲಿ ಜಾತಿ ವಿನಾಶದ ಬಗ್ಗೆ ಬರೆದಾಗ ಬಾಬಾಸಾಹೇಬರು ಸಹಭೋಜನದಿಂದಲೇ ಜಾತಿ ಹೋಗುವುದಿಲ್ಲ ಎಂದು ಎಚ್ಚರಿಸಿದ್ದರು. ಒಟ್ಟಿಗೆ ಕೂತು ಒಂದೇ ಅಡುಗೆ ಉಂಡರೂ ಸಾಲದು ಎಂದವರು ಅವರು. ಅವರವರ ಪೊಟ್ಟಣ ಅವರವರು ಹರಿದುಕೊಂಡು ತಿನ್ನುವುದನ್ನೇ ಸಮಾನತೆ ಎಂದರೆ ಅವರು ಏನೆನ್ನುತ್ತಿದ್ದರು? ಪೊಟ್ಟಣ ಅಸ್ಪೃಶ್ಯತೆಯನ್ನು ಕೊಲ್ಲುವುದಿಲ್ಲ. ಅದಕ್ಕೆ ಬಚ್ಚಿಟ್ಟುಕೊಳ್ಳಲು ಜಾಗ ಕೊಡುತ್ತದೆ. ನಾವು ಜಗಳ ತೆಗೆಯಬಹುದಾಗಿದ್ದ ಜಾಗವನ್ನು ನಮ್ಮಿಂದ ಕಿತ್ತುಕೊಳ್ಳುತ್ತದೆ.

*

ಆ ಜಾಗಗಳಲ್ಲಿ ಬಹಳ ದೊಡ್ಡದು ಶಾಲೆಯ ಅಡುಗೆಮನೆ. ಮೇಷ್ಟ್ರುಗಳೇ, ಇದು ನಿಮಗೆ.

2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಸರ್ಕಾರಿ ಶಾಲೆಗಳಲ್ಲಿ ಬೇಯಿಸಿದ ಮಧ್ಯಾಹ್ನದ ಊಟ ಕೊಡಬೇಕೆಂದು ಆಜ್ಞೆ ಮಾಡಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಅಕ್ಷರ ದಾಸೋಹ ಶುರುವಾಯಿತು. 2004ರ ಏಪ್ರಿಲ್ 20ರ ಆಜ್ಞೆಯಲ್ಲಿ ಕೋರ್ಟು ಇನ್ನೂ ದೊಡ್ಡ ಮಾತು ಹೇಳಿತು: ಅಡುಗೆಯವರ, ಸಹಾಯಕರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡಗಳಿಗೆ ಆದ್ಯತೆ ಕೊಡಬೇಕು. ಅದೇ ವರ್ಷ ಅಕ್ಟೋಬರಿನಲ್ಲಿ ಅಂಗನವಾಡಿ ಆಹಾರಕ್ಕೆ ಗುತ್ತಿಗೆದಾರರನ್ನು ಬಳಸಬಾರದೆಂದಿತು. ‘ನಮ್ಮ ಕೈಯ ಅಡುಗೆ’ ಎಂಬುದು ಮೊದಲ ಸಲ ಊರಿನ ನಡುಮಧ್ಯಕ್ಕೆ ಬಂತು. ಅಷ್ಟಕ್ಕೇ ಊರುಗಳು ಉರಿದೆದ್ದವು. ಹೊಲೇರವಳು ಮಾಡಿದ್ದು ಉಣ್ಣಬೇಡ ಎಂದು ಮಕ್ಕಳ ಕೈಗೆ ಡಬ್ಬಿ ಕೊಟ್ಟು ಕಳಿಸಿದರು, ಮಕ್ಕಳನ್ನೇ ಶಾಲೆ ಬಿಡಿಸಿದರು. ಇಂಥ ಸುದ್ದಿ ನಮ್ಮ ರಾಜ್ಯದಿಂದ ಒಂದಲ್ಲ ಎರಡಲ್ಲ, ಮತ್ತೆ ಮತ್ತೆ ಬಂದಿದೆ.

ಈ ಜಗಳದ ನಡುವೆಯೇ, 2007-08ರಲ್ಲಿ, ಬಿಸ್ಕೆಟ್ ತಯಾರಕರ ಸಂಘ ಸಂಸದರಿಗೆ ಪತ್ರ ಬರೆಯಿತು: ಬಿಸಿಯೂಟ ಯಾಕೆ, ಮಕ್ಕಳಿಗೆ ಬಿಸ್ಕೆಟ್ ಪೊಟ್ಟಣ ಕೊಡಿ. ಹಲವು ಸಂಸದರು ಆ ಮಾತನ್ನೇ ಹೊತ್ತುಕೊಂಡು ಮಂತ್ರಿಗಳಿಗೆ ಬರೆದರು. ಆಹಾರದ ಹಕ್ಕಿಗೆ ಹೋರಾಡುವವರು, ಪೌಷ್ಟಿಕತೆಯ ತಜ್ಞರು ಎದುರು ನಿಂತದ್ದರಿಂದ ಅದು ನಡೆಯಲಿಲ್ಲ. ಆದರೆ ಆ ಆಸೆ ಸತ್ತಿಲ್ಲ. ಶುಚಿಯ ಹೆಸರಲ್ಲಿ, ಸಮಯ ಉಳಿಸುವ ಹೆಸರಲ್ಲಿ, ‘ಶಾಲೆಗೆ ಅಡುಗೆಯ ತಲೆನೋವು ಯಾಕೆ’ ಎಂಬ ಮಾತಿನಲ್ಲಿ ಅದು ಮತ್ತೆ ಬಂದೇ ಬರುತ್ತದೆ. ಆಗ ನಿಮ್ಮಲ್ಲಿ ಕೆಲವರಿಗೆ ‘ಹೌದಲ್ಲ, ಕೇರಿಗೂ ಊರಿಗೂ ಜಗಳವೇ ಇರುವುದಿಲ್ಲ, ಪೊಟ್ಟಣ ಹಂಚಿ ಪಾಠ ಮಾಡಬಹುದು’ ಅನ್ನಿಸಬಹುದು. ಅಲ್ಲೇ ಇರುವುದು ಮೋಸ. ಜಗಳ ಇಲ್ಲದಾಗುತ್ತದೆ, ಮೇಲು ಕೀಳು ಹಾಗೇ ಉಳಿಯುತ್ತದೆ. ಅಡುಗೆಯವ್ವ ಮಾತ್ರ ಗೌರವಧನವೆಂಬ ಆ ಪುಡಿಗಾಸನ್ನೂ ಕಳಕೊಂಡು ಮತ್ತೆ ಕೂಲಿಗೆ ಹೋಗುತ್ತಾಳೆ.

ಪುಡಿಯೇ ಪಾಪ ಎಂದು ನಾವು ಹೇಳುತ್ತಿಲ್ಲ. 2013ರಿಂದ ಕ್ಷೀರಭಾಗ್ಯದ ಹಾಲು ಪುಡಿಯಿಂದಲೇ ಆದದ್ದು. 2024ರಲ್ಲಿ ಅದಕ್ಕೆ ರಾಗಿ ಮಾಲ್ಟು ಸೇರಿತು. ನಮ್ಮ ರಾಗಿ ನಮ್ಮ ಮಕ್ಕಳ ಲೋಟಕ್ಕೆ ಬಂದರೆ ಸಂತೋಷವೇ. ಆದರೆ ಅದನ್ನು ಒಲೆಯ ಮೇಲೆ ಕುದಿಸಿ, ಸೌಟು ಹಿಡಿದು ಬಡಿಸುವ ಕೈಯೊಂದಿದೆ. ಆ ಕೈ ಮಕ್ಕಳಿಗೆ ಕಾಣುತ್ತದೆ. ಮಕ್ಕಳು ಅದನ್ನು ‘ಅಕ್ಕಾ, ಇನ್ನೊಂಚೂರು’ ಎಂದು ಕರೆಯುತ್ತಾರೆ. ಲಿಂಗಾಯತರ ಹುಡುಗ, ಒಕ್ಕಲಿಗರ ಹುಡುಗಿ, ಬ್ರಾಹ್ಮಣರ ಕೂಸು ಮಾದಿಗರ ಹೆಣ್ಣುಮಗಳ ಮುಂದೆ ತಟ್ಟೆ ಹಿಡಿದು ‘ಅಕ್ಕಾ’ ಎನ್ನುವ ಜಾಗ ಈ ದೇಶದಲ್ಲಿ ಬೇರೆ ಎಷ್ಟಿದೆ?

ಆದ್ದರಿಂದ ಮೇಷ್ಟ್ರುಗಳೇ, ಆ ಪಂಕ್ತಿಯಲ್ಲಿ ಮಕ್ಕಳ ಜೊತೆ ನೀವೂ ಕೂರಿ. ಡಬ್ಬಿ ತಂದು ಕೋಣೆಯ ಬಾಗಿಲು ಹಾಕಿಕೊಂಡು ಉಣ್ಣಬೇಡಿ. ಅಡುಗೆಯವ್ವನ ಕೈಯಿಂದ ಎಲ್ಲರೆದುರು ಮೊದಲ ತುತ್ತು ನೀವು ಉಣ್ಣಿ. ವಿದ್ಯಾರ್ಥಿ ಗೆಳೆಯರೆ, ಹಾಸ್ಟೆಲಿನಲ್ಲಿ ಅನ್ನ ಸರಿಯಿಲ್ಲವೆಂದು ರಾತ್ರಿ ನೂಡಲ್ಸ್ ಬೇಯಿಸಿಕೊಂಡು ಮಲಗಬೇಡಿ. ಅನ್ನ ಸರಿಯಾಗುವವರೆಗೆ ಜಗಳ ಮಾಡಿ. ಸಂಘಟನೆಯ ಸಂಗಾತಿಗಳೇ, ಟೀ ಅಂಗಡಿಗೆ ಹೋದಾಗ ಪೇಪರ್ ಕಪ್ಪು ಬೇಡ, ತೊಳೆದ ಗಾಜಿನ ಲೋಟ ಕೊಡು ಎಂದು ಕೇಳಿ, ಬೆಂಚಿನ ಮೇಲೆ ಕೂತು ಕುಡಿಯಿರಿ. ಓಟಿಗೆ ಬಂದವರಿಗೆ ಬಾಟ್ಲಿ ತರಲು ಹುಡುಗನನ್ನು ಓಡಿಸಬೇಡಿ. ಚೊಂಬು ಮುಂದೆ ಹಿಡಿಯಿರಿ. ಕುಡಿದರೆ ಕೂರಲಿ. ಕುಡಿಯದಿದ್ದರೆ ಬಂದ ದಾರಿ ಹಿಡಿಯಲಿ.

ನಮ್ಮ ಕೈ ಸೋಕಿದ ಅನ್ನವನ್ನೇ ಈ ನಾಡು ಇಷ್ಟು ಕಾಲ ಉಂಡದ್ದು. ಅದನ್ನು ನಮ್ಮ ಕಣ್ಣು ನೋಡಿ ಒಪ್ಪಿಕೊಳ್ಳಲಿ. ಅಲ್ಲಿಯವರೆಗೆ ಯಾವ ಪೊಟ್ಟಣವೂ ನಮ್ಮ ಬಾಯಿ ಮುಚ್ಚಿಸಲಾರದು.